ಕರೆದವರು ಹೋದ ಮೇಲೆ

ನಮ್ಮೂರಿನ ಹೊಳೆಗೆ ಇಂಥದ್ದೇ ಜಾಗ ಅಂತ ಇಲ್ಲ. ಬೆಳಿಗ್ಗೆ ಮಗ್ಗದ ಬೀದಿಯಲ್ಲಿ ಹರಿಯುತ್ತಿದ್ದದ್ದು, ಜನ ಮಧ್ಯಾಹ್ನದ ಊಟ ಮುಗಿಸಿ ಕೈ ತೊಳೆಯುವಷ್ಟರಲ್ಲಿ ಸಂತೆಮಾಳದ ಆಚೆಗೆ ಸರಿದಿರುತ್ತದೆ. ಬರುವಾಗ ಸದ್ದಿಲ್ಲ, ಹೋಗುವಾಗಲೂ ಇಲ್ಲ. ಯಾರನ್ನೂ ಮುಳುಗಿಸಿದ್ದನ್ನು ನಾನು ಕೇಳಿಲ್ಲ. ಮೊದಲು ಪಾದ ತಣ್ಣಗಾಗುತ್ತದೆ, ಆಮೇಲೆ ಮೊಣಕಾಲು, ಅಷ್ಟರಲ್ಲಿ ಜನ ಹತ್ತಿರದ ಯಾವುದಾದರೂ ಜಗಲಿ ಹತ್ತಿರುತ್ತಾರೆ. ಆದರೆ ಊರು ಮಾತ್ರ ಇಬ್ಭಾಗವಾಗಿರುತ್ತದೆ. ಈ ದಡದಲ್ಲಿ ಗಂಡ, ಆ ದಡದಲ್ಲಿ ಅವನ ಊಟದ ಡಬ್ಬಿ. ನಮ್ಮಲ್ಲಿ ಕ್ಷೌರದವನು ಅರ್ಧ ಗಡ್ಡದಲ್ಲಿ ಗಿರಾಕಿಯನ್ನು ಬಿಟ್ಟು ಓಡಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಹೆಣ್ಣು ನೋಡಲು ಬರುವವರು ರಾತ್ರಿ ಉಳಿಯುವ ಬಟ್ಟೆ ಕಟ್ಟಿಕೊಂಡೇ ಬರುತ್ತಾರೆ. ಹೊಳೆಗೆ ಬೈಯುವ ಅಭ್ಯಾಸವೂ ಊರಿಗಿಲ್ಲ. ಬೈಗುಳವೆಲ್ಲ ಸೇರಿ ಬಂದು ಬೀಳುವುದು ದೋಣಿ ಕಚೇರಿಯ ಮೇಲೆ, ಅಂದರೆ ನನ್ನ ಮೇಲೆ.

ದೋಣಿ ಕಚೇರಿ ಹಳೆಯ ಉಗ್ರಾಣದ ಮಹಡಿಯಲ್ಲಿದೆ. ಹಿಂದೆ ಅಲ್ಲಿ ಫೋನು ಎತ್ತುವ ಕೆಲಸ ನನ್ನದಾಗಿತ್ತು. ದಡದಲ್ಲಿ ಸಿಕ್ಕಿಕೊಂಡವರು ಫೋನು ಮಾಡಿ, "ಅನಸೂಯಮ್ಮಾ, ಮಗ್ಗದ ಬೀದಿಗೆ ಒಂದು ದೋಣಿ ಕಳಿಸ್ರೀ" ಅನ್ನುವರು. ನಾನು ಕಿಟಕಿಯಿಂದ ಬಗ್ಗಿ ಅಂಬಿಗರಿಗೆ ಕೂಗುವೆ. ಸ್ವಲ್ಪ ಹೊತ್ತಿಗೆ ಮತ್ತೆ ಫೋನು: "ಬೇಡ ಬಿಡಿ, ಹೊಳೆ ಹೋಯ್ತು." ನಾನು ಮತ್ತೆ ಕಿಟಕಿಯಿಂದ ಬಗ್ಗುವೆ. ಬಗ್ಗಿ ಬಗ್ಗಿ ಸೊಂಟ ಹೋಗಿತ್ತು. ಫೋನಿಗೆ ಲೈನೇ ಸಿಗುವುದಿಲ್ಲ ಎಂಬ ದೂರೂ ಹೆಚ್ಚಾಯಿತು. ಆಗ ನನ್ನ ತಮ್ಮ ಪ್ರಹ್ಲಾದ, ಕಂಪ್ಯೂಟರ್ ಓದಿ ಮನೆಯಲ್ಲಿ ಕಾಲು ಚಾಚಿ ಕೂತಿದ್ದವನು, ಕಚೇರಿಗೆ ಒಂದು ಸರ್ವರ್ ಮಾಡಿಕೊಟ್ಟ. ಜನ ತಮ್ಮ ಫೋನಿನಲ್ಲಿ ಒಂದು ಪುಟ ತೆರೆದು "ದೋಣಿ ಬೇಕು" ಎಂಬ ಕಡೆ ಒತ್ತಬೇಕು. ಸರ್ವರ್ ಅವರು ನಿಂತ ಜಾಗ ನೋಡಿ, ಹತ್ತಿರದ ದೋಣಿ ಹುಡುಕಿ, ಅಂಬಿಗನ ಫೋನಿಗೆ ತಿಳಿಸುತ್ತದೆ. ಅಂಬಿಗ ತನ್ನ ಫೋನು ಹೇಳಿದ ಕಡೆಗೇ ಹೋಗಬೇಕು. ಬೇಕಾದವರನ್ನು ಮೊದಲು ಹತ್ತಿಸಿಕೊಳ್ಳುತ್ತಾರೆ ಎಂದು ಊರಲ್ಲಿ ಹಿಂದೆ ದೊಡ್ಡ ಜಗಳವಾಗಿದ್ದರಿಂದ ಈ ಕಟ್ಟಳೆ.

ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಸರ್ವರನ್ನು ಟೆಸ್ಟ್ ಮಾಡು ಎಂದರು. ಟೆಸ್ಟ್ ಎಂದರೆ ಏನೆಂದು ಪ್ರಹ್ಲಾದನನ್ನು ಕೇಳಿದೆ. "ಜನ ಏನೇನು ತಪ್ಪು ಮಾಡ್ತಾರೋ ಅದನ್ನೆಲ್ಲ ನೀನು ಮೊದಲೇ ಮಾಡಿ ನೋಡೋದು ಅಕ್ಕಾ" ಎಂದ. ಅಂದರೆ ಸರ್ವರನ್ನು ಗೋಳುಹೊಯ್ದುಕೊಳ್ಳುವುದು. ಅದು ನನಗೆ ಬರುತ್ತದೆ. ಅವನು ಚಿಕ್ಕವನಿದ್ದಾಗಿನಿಂದ ಅವನನ್ನು ಗೋಳುಹೊಯ್ದುಕೊಂಡೇ ಬೆಳೆಸಿದವಳು ನಾನು.

ಮೊದಲ ವಾರದಲ್ಲೇ ನಾನು ಮಾಡಿದ್ದು ನಮ್ಮೂರಿನವರು ದಿನಾ ಮಾಡುವ ಕೆಲಸವನ್ನು. "ದೋಣಿ ಬೇಕು" ಎಂದು ಒತ್ತಿದೆ, ಪುಟದಲ್ಲಿ ಚಕ್ರ ತಿರುಗುತ್ತಿರುವಾಗಲೇ ಮುಚ್ಚಿಬಿಟ್ಟೆ. ಕಿಟಕಿಯಿಂದ ನೋಡಿದರೆ, ದಾಸಪ್ಪ ಹಗ್ಗ ಬಿಚ್ಚಿ ದೋಣಿ ತಳ್ಳುತ್ತಿದ್ದಾನೆ. ದಾಸಪ್ಪ ನಮ್ಮ ಅಂಬಿಗರಲ್ಲಿ ಹಿರಿಯ, ಬಾಯಿ ಜೋರು. ಮತ್ತೆ ಬೇರೆ ಬೀದಿಯ ಹೆಸರು ಹಾಕಿ ಒತ್ತಿ ಮುಚ್ಚಿದೆ. ಇನ್ನೊಂದು ದೋಣಿ ಹೊರಟಿತು. ಒಳಗೆ ಹೋಗಿ ತಮ್ಮನಿಗೆ ಹೇಳಿದೆ. "ಲೋ, ಕರೆದವರು ಬೇಡ ಅಂತ ಹೊರಟುಹೋದರೂ ನಿನ್ನ ಸರ್ವರ್ ದೋಣಿ ಕಳಿಸ್ತಾನೇ ಇದೆಯಲ್ಲೋ."

ಅವನು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಬೇಕು ಅಂದ್ರಲ್ಲ, ಕಳಿಸ್ತು. ಅವರು ಫೋನು ಮುಚ್ಚಿದ್ದು ಸರ್ವರಿಗೆ ಹೇಗೆ ಗೊತ್ತಾಗಬೇಕು? ಅದೇನು ಶಾಸ್ತ್ರ ಹೇಳತ್ತಾ?"

"ಗೊತ್ತಾಗೋ ಹಾಗೆ ಮಾಡು."

"ಅಕ್ಕಾ, ನೀನು ಒಳಗೆ ದೋಸೆ ಹುಯ್ತಿದ್ದೀಯ. ಹೊರಗೆ ಕೂತ ನೆಂಟ ಎದ್ದು ಹೋದ. ತಟ್ಟೆ ಹಿಡಿದು ಹೊರಗೆ ಬಂದಾಗ ತಾನೇ ನಿನಗೆ ತಿಳಿಯೋದು? ಇದೂ ಹಾಗೇ. ಉತ್ತರ ಕೊಡೋಕೆ ಹೋದಾಗಲೇ ಕ್ಲೈಂಟ್ ಇಲ್ಲ ಅಂತ ಗೊತ್ತಾಗೋದು." ಕ್ಲೈಂಟ್ ಎಂದರೆ ಅವನ ಭಾಷೆಯಲ್ಲಿ ದಡದಲ್ಲಿ ಫೋನು ಹಿಡಿದು ನಿಂತವರು. "ಒತ್ತಿ ಬಿಟ್ಟು ಹೋಗೋರು ಎಷ್ಟು ಜನ ಇರ್ತಾರೆ ಬಿಡು."

"ಊರಿಗೆ ಊರೇ ಇದೆ ಕಣೋ! ನಮ್ಮ ಹೊಳೆ ಯಾವತ್ತು ದೋಣಿ ಬರೋವರೆಗೆ ಕಾದಿದೆ?"

ಅವನು ನಕ್ಕ. ನಾನು ದಿನಾ ಹೇಳಿದೆ, ಅವನು ದಿನಾ ದೋಸೆಯ ಕಥೆ ಹೇಳಿದ. ದಾಸಪ್ಪನಂತೂ ಬರುಬರುತ್ತಾ ಕಚೇರಿಯ ಮೆಟ್ಟಿಲು ಹತ್ತುವಾಗಲೇ ಬೈಯುತ್ತಾ ಬರುತ್ತಿದ್ದ. "ಏನವ್ವಾ, ಇವತ್ತೂ ನನ್ನ ಒಣಬೀದೀಲಿ ದೋಣಿ ಎಳ್ಸಿದ್ರಲ್ಲ! ಹೋಗಿ ನೋಡಿದ್ರೆ ನರಪಿಳ್ಳೆ ಇಲ್ಲ. ಒಂದು ಎಮ್ಮೆ ನಿಂತಿತ್ತು. ಅದನ್ನೇ ಹತ್ತುಸ್ಕೊಂಡು ಬರ್ಲಾ ಅಂತ ಕೇಳ್ಬೇಕಂತಿದ್ದೆ." ನಾನು ಒಳಗೆ ಕೈ ತೋರಿಸುವೆ. ದಾಸಪ್ಪ ಒಳಗೆ ಇಣುಕಿ, ಪ್ರಹ್ಲಾದನ ಬೆನ್ನಿಗೇ ಎರಡು ಮಾತು ಗೊಣಗಿ ಇಳಿದು ಹೋಗುತ್ತಿದ್ದ.

ಹೀಗಿರುವಾಗ ಬೇಕರಿಯ ಜೋಕಿಮ್‌ಗೆ ಎದೆನೋವು ಬಂತು. ಒಲೆಯ ಮುಂದೆ ಹಿಟ್ಟು ನಾದುತ್ತಿದ್ದವನು ಹಾಗೇ ಕುಸಿದು ಕೂತನಂತೆ. ಆಸ್ಪತ್ರೆ ಇರುವುದು ದಿಬ್ಬದ ಮೇಲೆ, ನಡುವೆ ಹೊಳೆ. ಅವನ ಹೆಂಡತಿ ಫಿಲೋಮಿನಾ ಗಂಡನನ್ನು ಬ್ರೆಡ್ಡಿನ ತಳ್ಳುಗಾಡಿಯಲ್ಲಿ ಮಲಗಿಸಿ ಬೇಕರಿ ಮೂಲೆಗೆ ತಂದು ಫೋನಿನಲ್ಲಿ ಒತ್ತಿದಳು. ಚಕ್ರ ತಿರುಗಿತು. ಅಷ್ಟರಲ್ಲಿ ಕಣ್ಣೆದುರೇ ನೀರು ಮೂಲೆ ಬಿಟ್ಟು ಪಕ್ಕದ ಬೀದಿಗೆ ಸರಿಯಿತು. ಅವಳು ಫೋನು ಮುಚ್ಚಿ ಗಾಡಿ ತಳ್ಳಿಕೊಂಡು ಪಕ್ಕದ ಬೀದಿಗೆ ಓಡಿದಳು. ಅಲ್ಲಿ ಒತ್ತಿದಳು. ಹೊಳೆ ಅಲ್ಲಿಂದಲೂ ಸರಿಯಿತು. ಮತ್ತೆ ಮುಚ್ಚಿ ಓಡಿದಳು. ನಮ್ಮ ಸರ್ವರಿಗೆ ಅವಳ ಒಂದೊಂದು ಕರೆಯೂ ಬೇರೆ ಬೇರೆ ಮನುಷ್ಯರ ಕರೆ. ಒಂದರ ಹಿಂದೆ ಒಂದು ದೋಣಿ ಹೊರಟಿತು, ಪ್ರತಿಯೊಂದೂ ಅವಳು ಬಿಟ್ಟುಬಂದ ಜಾಗಕ್ಕೆ. ದಾಸಪ್ಪ ಬೇಕರಿ ಮೂಲೆಗೆ ಹೋದಾಗ ಕೆಸರಿನಲ್ಲಿ ಗಾಡಿಯ ಚಕ್ರದ ಗುರುತು ಮಾತ್ರ ಇತ್ತಂತೆ. ಕೊನೆಗೆ ಅವಳು ಸಂತೆಮಾಳದ ಅಂಚಿನಲ್ಲಿ ನಿಂತು ಒತ್ತಿದಾಗ ಕಳಿಸಲು ದೋಣಿಯೇ ಉಳಿದಿರಲಿಲ್ಲ. ನೇಕಾರರು ಒಂದು ಮನೆಯ ಬಾಗಿಲು ಕಿತ್ತು, ಅದರ ಮೇಲೆ ಜೋಕಿಮನನ್ನು ಮಲಗಿಸಿ, ಕುತ್ತಿಗೆ ಮಟ್ಟದ ನೀರಿನಲ್ಲಿ ತಳ್ಳಿಕೊಂಡು ದಾಟಿಸಿದರು.

ಜೀವ ಉಳಿಯಿತು. ಆದರೆ ತಡವಾಗಿತ್ತು, ಎದೆಯ ಶಕ್ತಿ ಅರ್ಧ ಹೋಯಿತು, ಇನ್ನು ಹಿಟ್ಟು ನಾದುವ ಕೆಲಸ ಮಾಡುವಂತಿಲ್ಲ ಎಂದರು ಡಾಕ್ಟರು. ಫಿಲೋಮಿನಾ ಕಚೇರಿಗೆ ಬಂದಳು. ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಅವಳು ಕೂಗಾಡಲಿಲ್ಲ. ಪ್ರಹ್ಲಾದನ ಮೇಜಿನ ಮುಂದೆ ನಿಂತು ಕೇಳಿದಳು. "ನನಗೋಸ್ಕರ ಅಷ್ಟೂ ದೋಣಿ ಹೊರಟಿದ್ದವಂತೆ ಹೌದಾ?"

ಪ್ರಹ್ಲಾದ ಹೌದೆಂದ.

"ಒಂದೂ ನನ್ನ ಹತ್ರ ಬರಲಿಲ್ಲವಲ್ಲಪ್ಪ. ನಾನು ಮಾಡಿದ್ದು ಏನು ತಪ್ಪು? ಅದು ಹೇಳು. ಇನ್ನೊಂದು ಸಲ ಹಾಗಾದರೆ ನಾನು ಏನು ಮಾಡಬೇಕು?"

ನನ್ನ ತಮ್ಮನಿಗೆ ದೋಸೆಯ ಕಥೆ ನೆನಪಾಗಲಿಲ್ಲ. ಅವಳು ಹೊರಟುಹೋದಳು. ಅವನು ಆಮೇಲೆ ನನ್ನ ಮೇಲೆ ರೇಗಿದ. "ಈಗ ಸಮಾಧಾನವಾಯ್ತಾ ನಿನಗೆ?" ಎಂದ. ನನಗೇಕೆ ಸಮಾಧಾನವಾಗಬೇಕು? ಇಂಥವನ ಜೊತೆ ಏನು ಮಾತಾಡುವುದು? ಇಬ್ಬರೂ ಆ ದಿನ ಊಟ ಬಿಟ್ಟೆವು.

ಮಾರನೆಯ ದಿನದಿಂದ ಪ್ರಹ್ಲಾದ ಬಾಗಿಲು ಹಾಕಿಕೊಂಡು ಕೆಲಸಕ್ಕೆ ಕೂತ. ಸರ್ವರ್ ಇನ್ನು ಮೇಲೆ ದಡದಲ್ಲಿರುವವರ ಫೋನನ್ನು ಮತ್ತೆ ಮತ್ತೆ "ಇದ್ದೀರಾ?" ಎಂದು ಮಾತಾಡಿಸುತ್ತದೆ. ಫೋನು ಉತ್ತರ ಕೊಟ್ಟರೆ ಸರಿ. ಕೊಡದಿದ್ದರೆ ಕರೆದವರು ಹೋದರು ಎಂದು ಲೆಕ್ಕ, ದೋಣಿ ಎಲ್ಲಿದ್ದರೂ ವಾಪಸ್ಸು. "ತಗೋ, ನೀನು ಕೇಳಿದ್ದು ಇದೇ ತಾನೇ? ಟೆಸ್ಟ್ ಮಾಡು" ಎಂದು ಮುಖ ಊದಿಸಿಕೊಂಡು ಹೇಳಿದ. ಊರಿಗೆಲ್ಲ ಕೊಡುವ ಮುಂಚೆ ನನಗೂ ದಾಸಪ್ಪನಿಗೂ ಮಾತ್ರ ಕೊಟ್ಟ.

ನಾನು ಕಚೇರಿಯಲ್ಲೇ ಕೂತು ಒತ್ತಿದೆ, ಮುಚ್ಚಿದೆ. ದಾಸಪ್ಪ ಹಗ್ಗಕ್ಕೆ ಕೈ ಹಾಕಿದವನು ಕೈ ತೆಗೆದ. ದೋಣಿ ನಡುನೀರಿಗೆ ಹೋಗುವ ತನಕ ಬಿಟ್ಟು ಮುಚ್ಚಿದೆ. ಅಲ್ಲಿಂದಲೇ ತಿರುಗಿತು. ನನಗೂ ಖುಷಿಯಾಯಿತು, ದಾಸಪ್ಪನಿಗಂತೂ ಹೇಳತೀರದು. ಅವನು ನೀರಿನಲ್ಲೇ ದೋಣಿಯನ್ನು ಒಂದು ಸುತ್ತು ತಿರುಗಿಸಿ ತೋರಿಸಿದ. ಕಚೇರಿಯ ಕುರ್ಚಿಯಿಂದ ಎಲ್ಲವೂ ಸರಿಯಾಗಿತ್ತು. ನಿಜವಾದ ದಡದಲ್ಲಿ ನಿಂತು ಒಮ್ಮೆ ನೋಡಿಬಿಡೋಣ ಎಂದು ಮಧ್ಯಾಹ್ನ ಹೊಳೆಯಾಚೆ ಹಿಟ್ಟಿನ ಗಿರಣಿಯ ಹತ್ತಿರ ಹೋದೆ. ಆವತ್ತು ಗಿರಣಿಗೆ ರಜೆ, ಬೀದಿಯಲ್ಲಿ ಜನವಿರಲಿಲ್ಲ. "ದೋಣಿ ಬೇಕು" ಎಂದು ಒತ್ತಿದೆ. ಆ ಕಡೆಯಿಂದ ದಾಸಪ್ಪ ಹೊರಟಿದ್ದು ಕಂಡಿತು. ಅಷ್ಟರಲ್ಲಿ ಪಾದ ತಣ್ಣಗಾಯಿತು.

ಹೊಳೆ ನನ್ನ ಕಡೆಗೇ ಬರುತ್ತಿತ್ತು. ಚಪ್ಪಲಿ ತೇಲಿಹೋಯಿತು. ಸೀರೆ ಎತ್ತಿಕಟ್ಟಿ ಗಿರಣಿಯ ಜಗಲಿ ಹತ್ತಿದೆ. ನೀರು ಜಗಲಿಯ ಸುತ್ತ ತುಂಬಿಕೊಂಡು ಬೀದಿಯ ಕೊನೆಯಲ್ಲಿ ಫೋನಿಗೆ ಸಿಗ್ನಲ್ ಕೊಡುವ ಕಂಬದ ಬುಡಕ್ಕೂ ಹೋಯಿತು. ಕಂಬ ಒಂದು ಕಡೆಗೆ ವಾಲಿತು. ನನ್ನ ಫೋನಿನಲ್ಲಿ ಸಿಗ್ನಲ್ ಪಟ್ಟಿಗಳು ಒಂದೊಂದಾಗಿ ಆರಿದವು. ಸುತ್ತ ನೀರು, ನಡುವೆ ನಾನು, ಹಿಂದೆ ಬೀಗ ಹಾಕಿದ ಗಿರಣಿ. ದಾಸಪ್ಪ ನಡುನೀರಿಗೆ ಬಂದಿದ್ದ, ಅವನ ರುಮಾಲಿನ ಬಣ್ಣ ಕಾಣುವಷ್ಟು ಹತ್ತಿರಕ್ಕೆ. ಅಲ್ಲಿ ನಿಂತ. ಫೋನು ನೋಡಿದ. ದೋಣಿ ತಿರುಗಿಸಿದ.

"ದಾಸಪ್ಪಾ! ಇಲ್ಲಿ! ಎಲ್ಲಿಗೆ ಹೋಗ್ತಿದ್ದೀಯಾ?" ಎಂದು ಗಂಟಲು ಹರಿಯುವಂತೆ ಕೂಗಿದೆ.

"ನೀವು ಹೋದ್ರಿ ಅಂತೈತೆ ಕಣವ್ವಾ!"

"ಎಲ್ಲಿ ಹೋದೆ? ಕಣ್ಣು ಕಾಣಲ್ವಾ? ಇಲ್ಲೇ ನಿಂತಿದ್ದೀನಲ್ಲ!"

"ನಂಗೆ ಕಾಣ್ತೀರಿ, ಫೋನಿಗೆ ಕಾಣಂಗಿಲ್ಲ! ಕುಂಬಾರರ ಓಣೀಲಿ ಇನ್ಯಾರೋ ಕರೀತಾವ್ರೆ. ಜೋಕಿಮಪ್ಪನ ತರ ಆದ್ರೆ ಏನ್ ಗತಿ? ಅಲ್ಲಿಗೋಗಿ ಬತ್ತೀನಿ, ತಡ್ಕಳಿ!"

ಬಾ ಎಂದು ಕೂಗಲು ಬಾಯಿ ತೆರೆದವಳು ಮುಚ್ಚಿಕೊಂಡೆ. ಅವನು ಹೋದ. ನಾನು ಗಿರಣಿಯ ಬಾಗಿಲ ಸಂದಿಯಿಂದ ಬರುತ್ತಿದ್ದ ಮೆಣಸಿನಪುಡಿಯ ಘಾಟಿಗೆ ಸೀನುತ್ತಾ ಜಗಲಿಯ ಮೇಲೆ ಕೂತೆ. ಜೋಕಿಮನನ್ನು ಗಾಡಿಯಲ್ಲಿಟ್ಟುಕೊಂಡು ನಿಂತ ಫಿಲೋಮಿನಾಳಿಗೆ ಹೀಗೆ ಆಗಿದ್ದರೆ, ಕಣ್ಣೆದುರಿಗೆ ಬಂದ ದೋಣಿ ತಿರುಗಿ ಹೋಗಿದ್ದರೆ ಎಂದು ಯೋಚಿಸಿದೆ. ಕೂಗಿದರೆ ಕೇಳುವವರಿಲ್ಲ, ಒತ್ತಿದರೆ ಹೋಗುವುದಿಲ್ಲ. ಇಡೀ ಊರಿನ ಪಾಲಿಗೆ ನಾನು ಹೊರಟುಹೋದವಳು, ಕೂತಿರುವುದು ಮಾತ್ರ ಇಲ್ಲೇ. ದಾಸಪ್ಪ ಮರಳಿ ಬರುವ ಮುಂಚೆ ಹೊಳೆಯೇ ಬೇಸತ್ತು ಆ ಬೀದಿ ಬಿಟ್ಟಿತು. ಬರಿಗಾಲಲ್ಲಿ ಕೆಸರು ತುಳಿಯುತ್ತಾ ಕಚೇರಿಗೆ ಬಂದೆ.

ದಾಸಪ್ಪ ಮೆಟ್ಟಿಲ ಮೇಲೆ ತಲೆಗೆ ಕೈ ಕೊಟ್ಟು ಕೂತಿದ್ದ. "ಕುಂಬಾರರ ಓಣೀಲಿ ಯಾರಿದ್ದರು?" ಎಂದೆ. ಅವನು ಮೇಲೆ ಬೆರಳು ತೋರಿಸಿದ. ಹತ್ತಿ ಹೋಗಿ ಪ್ರಹ್ಲಾದನನ್ನು ಕೇಳಿದೆ.

"ಅದಾ? ನಾನೇ ಇಲ್ಲಿಂದ ಹಾಕಿದ್ದು ಅಕ್ಕಾ. ಒಂದು ಕರೆ ರದ್ದಾದ ತಕ್ಷಣ ದೋಣಿ ಇನ್ನೊಂದಕ್ಕೆ ಹೋಗತ್ತಾ ಅಂತ ನೋಡೋಣ ಅಂತ. ಹೋಯ್ತು! ಚೆನ್ನಾಗಿ ಕೆಲಸ ಮಾಡ್ತಿದೆ" ಎಂದ, ಮುಖ ಅರಳಿಸಿಕೊಂಡು.

ಕೆಸರು ಕಾಲಿನಲ್ಲೇ ಅವನ ಕುರ್ಚಿ ಹಿಡಿದು ಎಳೆದು ನನ್ನ ಕಡೆ ತಿರುಗಿಸಿದೆ. ಏನೇನು ಬೈದೆ ಎಂದು ಇಲ್ಲಿ ಬರೆಯುವುದು ಬೇಡ. ದಾಸಪ್ಪ ಕೆಳಗಿನಿಂದಲೇ "ಅಂಗೇ ಹೇಳಿ ಅವ್ವಾ" ಎನ್ನುತ್ತಿದ್ದ. ಪ್ರಹ್ಲಾದನೂ ಸುಮ್ಮನಿರಲಿಲ್ಲ. ಎದ್ದು ನಿಂತು ಅವನೂ ಕೂಗಿದ. "ಹೋದವರಿಂದಲೂ ಉತ್ತರವಿಲ್ಲ, ಸಿಕ್ಕಿಕೊಂಡವರಿಂದಲೂ ಉತ್ತರವಿಲ್ಲ. ಸರ್ವರಿಗೆ ಎರಡೂ ಒಂದೇ ಮೌನ. ಹೋದವರಿಗೆ ದೋಣಿ ಕಳಿಸಿದರೂ ತಪ್ಪು, ಸಿಕ್ಕಿಕೊಂಡವರಿಗೆ ಕಳಿಸದಿದ್ದರೂ ತಪ್ಪು. ಏನು ಮಾಡಲಿ ನಾನು? ನೀನೇ ಹೇಳು!"

ಅವನ ಕಣ್ಣಲ್ಲಿ ನೀರಿತ್ತು. ಬೇಕರಿಯ ವಿಷಯ ಅವನನ್ನೂ ಒಳಗೊಳಗೇ ತಿನ್ನುತ್ತಿತ್ತೆಂದು ನನಗೆ ಆಗ ಹೊಳೆಯಿತು. ಇಬ್ಬರೂ ಕಾಫಿ ಕುಡಿದೆವು. ಸಿಟ್ಟಿನಲ್ಲೇ ಮಾತಾಡುತ್ತಾ ಹೋದೆವು. ಫೋನು ಎತ್ತುವ ಕಾಲದಲ್ಲಿ ಮಾತಿನ ನಡುವೆ ಲೈನ್ ಕಡಿದರೆ ಏನು ಮಾಡುತ್ತಿದ್ದೆ ಎಂದು ಅವನು ಕೇಳಿದ. ದೋಣಿ ಕಳಿಸುತ್ತಿದ್ದೆ, ಇನ್ನೇನು ಎಂದೆ. ಬೇಡ ಎಂದು ಬಾಯಿ ಬಿಟ್ಟು ಹೇಳಿದವರಿಗೆ ಮಾತ್ರ ನಿಲ್ಲಿಸುತ್ತಿದ್ದೆ. "ಹಾಗಾದರೆ ಪುಟ ಮುಚ್ಚುವಾಗ ಫೋನೇ 'ಬೇಡ' ಅಂತ ಒಂದು ಮಾತು ಹೇಳಿ ಹೋಗೋ ಹಾಗೆ ಮಾಡಬಹುದು" ಎಂದ. "ಆ ಮಾತು ಬಂದರೆ ದೋಣಿ ತಿರುಗಲಿ. ಬರದೆ ಬರೀ ಮೌನವಾದರೆ ದೋಣಿ ಹೋಗಲಿ." ಒಂದೇ ಫೋನಿನಿಂದ ಬೇರೆ ಜಾಗದಲ್ಲಿ ಹೊಸ ಕರೆ ಬಂದರೆ ಹಳೆಯದು ತಾನಾಗಿ ರದ್ದಾಗಬೇಕು ಎಂದು ನಾನು ಹಟ ಹಿಡಿದೆ. ಅದಕ್ಕೂ ಒಂದು ಸುತ್ತು ಜಗಳವಾಯಿತು. ಕೆಲವು ಸಲ ಒಣಬೀದಿಗೆ ಹೋಗಬೇಕಾಗುತ್ತದೆ ಎಂದು ದಾಸಪ್ಪನಿಗೆ ಹೇಳಿದಾಗ, "ಕೆಲವು ಸಲ ಅಂದ್ರೆ ಪರವಾಗಿಲ್ಲ" ಎಂದು ಗೊಣಗಿ ಬೀಡಿ ಹಚ್ಚಿದ. ದೋಣಿ ಬಿಟ್ಟ ಮೇಲೆ ಕರೆದವರ ಪುಟದಲ್ಲಿ "ದೋಣಿ ಹೊರಟಿದೆ, ಫೋನು ಕೆಟ್ಟರೂ ಬರುತ್ತದೆ" ಎಂದು ಬರಬೇಕು ಎಂದೆ. ಇಷ್ಟುದ್ದದ ವಾಕ್ಯವೇ ಎಂದು ಪ್ರಹ್ಲಾದ ಮೂಗು ಮುರಿದ, ಆದರೆ ಹಾಕಿದ.

ಈ ಸಲ ದಡದಲ್ಲಿ ನಿಂತೇ ಟೆಸ್ಟ್ ಮಾಡಿದೆ. ಒತ್ತಿ ಮುಚ್ಚಿದೆ. ಒತ್ತಿ ಫೋನು ಆರಿಸಿದೆ. ಒತ್ತಿ, ಓಡಿ, ಇನ್ನೊಂದು ಬೀದಿಯಲ್ಲಿ ಒತ್ತಿದೆ. ಒಮ್ಮೆ ಫೋನನ್ನೇ ನೀರಿಗೆ ಬಿಟ್ಟೆ, ಬೇಕೆಂದಲ್ಲ, ಕೈ ಜಾರಿತು. ದೋಣಿ ಬರಬೇಕಾದಲ್ಲಿ ಬಂತು, ನಿಲ್ಲಬೇಕಾದಲ್ಲಿ ನಿಂತಿತು. ಹೊಸ ಸರ್ವರನ್ನು ಊರಿಗೆ ಕೊಟ್ಟೆವು.

ಕೊಟ್ಟ ದಿನವೇ ಜೋಕಿಮ್ ಡಾಕ್ಟರಿಗೆ ತೋರಿಸಿಕೊಳ್ಳಲು ಹೋಗಬೇಕಾಗಿತ್ತು. ನಾನು ಬೇಕರಿಗೆ ಹೋದೆ. ಅವರ ಕರೆ ಹೇಗೆ ನಡೆಯುತ್ತದೆಂದು ಪಕ್ಕದಲ್ಲೇ ನಿಂತು ನೋಡದೆ ನನಗೆ ನೆಮ್ಮದಿ ಇರಲಿಲ್ಲ. ಫಿಲೋಮಿನಾ ಗಂಡನನ್ನು ಅದೇ ತಳ್ಳುಗಾಡಿಯಲ್ಲಿ ಕೂರಿಸಿ, ತಲೆಗೆ ಟವೆಲ್ ಹೊದಿಸಿ, ದಡಕ್ಕೆ ತಂದಳು. ಒತ್ತಿದಳು. "ದೋಣಿ ಹೊರಟಿದೆ" ಎಂಬುದನ್ನು ತುಟಿ ಅಲ್ಲಾಡಿಸಿ ಓದಿ, ಫೋನನ್ನು ಸೊಂಟಕ್ಕೆ ಸಿಕ್ಕಿಸಿ, ಗಾಡಿಯ ಪಕ್ಕದಲ್ಲಿ ನೆಲದ ಮೇಲೆ ಕೂತುಬಿಟ್ಟಳು. ನಾವು ಕಾದೆವು. ಸ್ವಲ್ಪ ಹೊತ್ತಿಗೆ ನೀರು ತೆಳ್ಳಗಾಯಿತು. ಮತ್ತೆ ಸ್ವಲ್ಪ ಹೊತ್ತಿಗೆ ಎದುರಿಗೆ ಬರೀ ಮರಳು, ಮರಳಿನಾಚೆ ದಿಬ್ಬಕ್ಕೆ ಹತ್ತುವ ದಾರಿ.

"ಫಿಲೋಮಿನಮ್ಮ, ಹೊಳೆ ಹೋಯ್ತು. ಬೇಡ ಅಂತ ಮುಚ್ಚಿ, ಗಾಡಿ ತಳ್ಕೊಂಡು ಹೋಗೋಣ" ಎಂದೆ.

"ಇಲ್ಲ."

"ಯಾಕೆ? ದಾರಿ ಬಿಟ್ಟಿದೆಯಲ್ಲ."

"ಹೊರಟಿದೆ ಅಂತ ಬರೆದಿದೆ. ನಾನು ಇಲ್ಲೇ ಇರ್ತೀನಿ. ಆವತ್ತು ಮುಚ್ಚಿ ಮುಚ್ಚಿ ಓಡಿದ್ದು ಸಾಕು."

ಜೋಕಿಮ್ ಟವೆಲ್ಲಿನೊಳಗಿಂದ, "ನಾನೇ ಮೆಲ್ಲಗೆ ನಡೀತೀನಿ ಕಣೇ" ಎಂದ. ಅವಳು ತಿರುಗಿ ನೋಡಿದ ನೋಟಕ್ಕೆ ಅವನು ಮತ್ತೆ ಟವೆಲ್ಲಿನೊಳಗೆ ಸೇರಿಕೊಂಡ. ನಾನು ಬಿಡಿಸಿ ಹೇಳಿದೆ. ಬೇಡ ಎಂದರೆ ಈಗ ಏನೂ ಕೆಡುವುದಿಲ್ಲ, ಅದನ್ನೇ ಅಲ್ಲವೇ ಇಷ್ಟು ದಿನ ಸರಿಮಾಡಿದ್ದು ಎಂದೆ. ಅವಳು ಸೊಂಟದ ಫೋನಿನ ಮೇಲೆ ಅಂಗೈ ಒತ್ತಿಕೊಂಡು ಕೂತಳು, ಎಲ್ಲಿ ನಾನು ಕಸಿದುಕೊಳ್ಳುವೆನೋ ಎಂಬಂತೆ. ತಲೆ ಚಚ್ಚಿಕೊಳ್ಳುವುದೊಂದು ಬಾಕಿ ನನಗೆ. ದೂರದಲ್ಲಿ ದಾಸಪ್ಪ ಕಂಡ. ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಮರಳಿನಲ್ಲಿ ದೋಣಿ ಎಳೆಯುತ್ತಾ, ಬೈಯುತ್ತಾ ಬರುತ್ತಿದ್ದ. ಎಳೆದು ತಂದು ನಮ್ಮೆದುರಿಗೆ ಬಿಟ್ಟು ಸೊಂಟಕ್ಕೆ ಕೈ ಕೊಟ್ಟು ನಿಂತ.

"ಏನ್ ಫಿಲೋಮಿನಮ್ಮಾ ಇದು? ನಡ್ಕಂಡು ಹೋಗ್ಬಾರ್ದಾ?"

"ಬಂದೆಯಲ್ಲ" ಎಂದಳು ಅವಳು. ಅಷ್ಟೇ ಹೇಳಿ, ದೋಣಿಯ ಅಂಚನ್ನು ಕೈಯಿಂದ ಮುಟ್ಟಿದಳು. ಆಮೇಲೆ ಅಳತೊಡಗಿದಳು. ಆಸ್ಪತ್ರೆಯಲ್ಲಾಗಲಿ ಕಚೇರಿಯಲ್ಲಾಗಲಿ ಅಳದವಳು ಒಣಮರಳಿನಲ್ಲಿ ಕೂತ ದೋಣಿಯನ್ನು ಹಿಡಿದುಕೊಂಡು ಅತ್ತಳು. ದಾಸಪ್ಪ ಬೈಗುಳ ನುಂಗಿಕೊಂಡು ಬೇರೆ ಕಡೆ ನೋಡಿದ. ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ಪ್ರಹ್ಲಾದ.

"ಅಕ್ಕಾ, ದೋಣಿ ತಲುಪಿತು ಅಂತಿದೆ, ಹತ್ತಿದರು ಅಂತ ಇಲ್ಲ. ಏನಾಯ್ತು? ಕರೆದವರು ಹೋದ್ರಾ?"

"ಕರೆದವರು ಇಲ್ಲೇ ಇದ್ದಾರೆ ಕಣೋ. ಹೊಳೆ ಹೋಗಿದೆ."

"ಅದಕ್ಕೆ ಈಗ ನಾನೇನು ಮಾಡಲಿ?" ಎಂದ ನನ್ನ ತಮ್ಮ, ಸಾಕಾಗಿ ಹೋದ ದನಿಯಲ್ಲಿ.

"ಬಂದು ಗಾಡಿ ತಳ್ಳು" ಎಂದೆ.

ಬಂದ. ಸರ್ವರ್ ಮಾಡಿದ ಮೇಲೆ ದಡಕ್ಕೆ ಅವನು ಬಂದದ್ದು ಅದೇ ಮೊದಲು. ಮರಳಿನಲ್ಲಿ ಹೂತ ಚಪ್ಪಲಿಯನ್ನು ಕಿತ್ತು ಕೈಯಲ್ಲಿ ಹಿಡಿದು, ನನಗೂ ಹೊಳೆಗೂ ಸೇರಿಸಿ ಬೈದು, ಗಾಡಿಯ ಒಂದು ಕಡೆ ಹಿಡಿದ. ಇನ್ನೊಂದು ಕಡೆ ಹಿಡಿದ ಫಿಲೋಮಿನಾ, ದಿಬ್ಬ ಏರುವಾಗ ಅವನಿಗೆ ಉಸಿರು ಕಟ್ಟಿದ್ದು ನೋಡಿ, "ನಿಧಾನ ತಳ್ಳಪ್ಪ, ಅವಸರ ಇಲ್ಲ" ಎಂದಳು.